ಸೊಟ್ಟ ಸಾಲು

ಕಾರ್ಗಿಲ್ ಯುದ್ಧ ನಡೆದಿದ್ದ 1999ರ ಮೇ ತಿಂಗಳ ಕೊನೆಯ ವಾರ ಔರಾದ್ ತಾಲ್ಲೂಕಿನ ನಮ್ಮ ಊರಿಗೆ ಒಂದು ತಂತಿ ಬಂತು. ರಜೆ ರದ್ದಾಗಿದೆ, ಕೂಡಲೇ ಹಾಜರಾಗಬೇಕು ಎಂಬಷ್ಟೇ ಅದರಲ್ಲಿತ್ತು. ಫಿರಂಗಿ ದಳದಲ್ಲಿದ್ದ ನಮ್ಮ ಮನೆಯವರು ವರ್ಷದ ರಜೆಯನ್ನು ಬಿತ್ತನೆಗೆಂದೇ ಉಳಿಸಿಕೊಂಡು ಬರುತ್ತಿದ್ದರು. ಆ ಸಲ ಹೊಲ ಹರಗಿ, ಬಡಿಗನ ಬಳಿ ಬಿತ್ತುವ ಕೂರಿಗೆಯ, ಕಾಳು ನೆಲಕ್ಕಿಳಿಸುವ ತಾಳುಗಳನ್ನು ಸರಿಮಾಡಿಸಿಟ್ಟು, ಒಂದು ಕಾಳೂ ಬಿತ್ತದೆ ಬೀದರಿನಿಂದ ಸಿಕಂದರಾಬಾದಿನ ರೈಲು ಹತ್ತಿದರು. ನನಗಾಗ ಇಪ್ಪತ್ತೊಂದು ವರ್ಷ. ಹತ್ತನೆಯ ತರಗತಿಯವರೆಗೆ ಓದಿದ್ದೆ. ಹೊಲದಲ್ಲಿ ನನಗೆ ಗೊತ್ತಿದ್ದುದು ಕಳೆ ತೆಗೆಯುವುದು ಮತ್ತು ಕೂರಿಗೆಯ ಬಟ್ಟಲಿಗೆ ಕಾಳು ಬಿಡುವುದು, ಇವೆರಡೇ.

ಮಾವನವರ ಮೊಣಕಾಲು ಹಿಡಿದುಕೊಂಡು ಎರಡು ವರ್ಷವಾಗಿತ್ತು. ಹೀಗಾಗಿ ಹೆಸರುಕಾಳಿನ ಬೀಜ ತರಲು ಸೊಸೈಟಿಗೆ ನಾನೇ ಹೋದೆ. ಅಲ್ಲಿದ್ದವರು ಪಹಣಿ ನೋಡಿ, ಮನೆಯ ಗಂಡಸರನ್ನು ಕಳಿಸಮ್ಮ ಎಂದರು. ಗಂಡಸು ದ್ರಾಸ್‌ನಲ್ಲಿದ್ದಾರೆ ಎಂದೆ. ಯುದ್ಧ ನಡೆಯುತ್ತಿದ್ದ ಆ ಊರಿನ ಹೆಸರನ್ನು ಆಗ ದಿನವೂ ವಾರ್ತೆಯಲ್ಲಿ ಕೇಳುತ್ತಿದ್ದುದರಿಂದ ಬಾಯಿಗೆ ಬಂತೇ ಹೊರತು, ಅವರು ನಿಜವಾಗಿ ಎಲ್ಲಿದ್ದರೆಂಬುದು ನನಗೆ ತಿಳಿದಿರಲಿಲ್ಲ. ಬೀಜವಂತೂ ಸಿಕ್ಕಿತು.

ಮಿರಗ, ಅಂದರೆ ಮೃಗಶಿರಾ ಮಳೆ, ಹಿಡಿದ ಮೇಲೆ ಒಳ್ಳೆಯ ಮಳೆಯಾಯಿತು. ಜೂನ್ 13ರಂದು ತೋಲೋಲಿಂಗ್ ಶಿಖರವನ್ನು ನಮ್ಮ ಸೈನ್ಯ ಮರಳಿ ಗೆದ್ದ ಸುದ್ದಿ ರೇಡಿಯೋದಲ್ಲಿ ಬಂದಾಗ ಊರಿನವರೆಲ್ಲ ಸಂತೋಷಪಟ್ಟರು. ಅತ್ತೆ ಮಾತ್ರ ಸತ್ತವರೆಷ್ಟು ಎಂದು ಕೇಳಿದರು. ಪಕ್ಕದ ಮನೆಯ ಟಿ.ವಿ.ಯಲ್ಲಿ ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳನ್ನು ಒಮ್ಮೆ ಕಂಡಂದಿನಿಂದ ಅವರು ಆ ಮನೆಯ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಮರುದಿನ ಸೋಮವಾರ, ನಮ್ಮಲ್ಲಿ ಎತ್ತು ಹೂಡುವಂತಿಲ್ಲ. ಮಂಗಳವಾರ ಬೆಳಿಗ್ಗೆ ಹೊಲಕ್ಕೆ ಹೋಗಿ ಒಂದು ಹಿಡಿ ಎರೆಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಿದರೆ ಅಂಗೈಗೆ ಅಂಟದೆ ಬಿರಿಯಿತು. ಹದ ಬಂದಿತ್ತು, ಆದರೆ ಗೊತ್ತು ಮಾಡಿದ್ದ ಆಳು ಬರಲಿಲ್ಲ. ಅವನನ್ನು ಬೈಯುವಂತಿರಲಿಲ್ಲ, ಏಕೆಂದರೆ ಹದ ಬಂದದ್ದು ಊರಿಗೆಲ್ಲ ಒಂದೇ ದಿನ.

ಬದುವಿನ ಮೇಲೆ ಕುಳಿತಿದ್ದ ಮಾವ ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, “ಮೇಳಿ ನೀನೇ ಹಿಡಿ” ಎಂದರು, ಮೇಳಿಯೆಂದರೆ ಕೂರಿಗೆಯ ಹಿಡಿಕೆ. ನಮ್ಮ ಊರಿನಲ್ಲಿ ಹೆಂಗಸು ಕೂರಿಗೆ ಹೊಡೆದದ್ದನ್ನು ನಾನು ಕಂಡಿರಲಿಲ್ಲ, ಅವರೂ ಕಂಡಿರಲಿಕ್ಕಿಲ್ಲ. ನಾನು ಹಿಡಿಯುತ್ತಿದ್ದ ಬಟ್ಟಲಿಗೆ ಅತ್ತೆ ಬಂದರು. ಹೆಸರಿನ ನಡುನಡುವೆ ಹಾಕುವ ಅಕ್ಕಡಿಯ ತೊಗರಿ ಬಿಡಲು ನಾದಿನಿ ಸೆಡ್ಡೆ ಎಂಬ ಬಿತ್ತುವ ಕೊಳವೆ ಹಿಡಿದಳು.

ಮೇಳಿಯನ್ನು ಹೆಚ್ಚು ಒತ್ತಿದರೆ ಕಾಳು ಆಳಕ್ಕಿಳಿದು ಮೊಳೆಯುವುದಿಲ್ಲ, ಸಡಿಲ ಬಿಟ್ಟರೆ ಮೇಲೆಯೇ ಬಿದ್ದು ಹಕ್ಕಿಯ ಪಾಲಾಗುತ್ತದೆ. ನಡುವೆ ತಾಳಿನ ತುದಿಗೆ ಮಣ್ಣು ಮೆತ್ತಿ ತೂತು ಕಟ್ಟಿಕೊಂಡರೆ ಬಟ್ಟಲಿಗೆ ಬಿಟ್ಟ ಕಾಳು ನೆಲಕ್ಕೆ ಇಳಿಯುವುದೇ ಇಲ್ಲ, ಹಿಂದಿನಿಂದ ನೋಡುವವರಿಗೆ ಮಾತ್ರ ಬಿತ್ತನೆ ಚೆನ್ನಾಗಿಯೇ ನಡೆದಂತೆ ಕಾಣುತ್ತದೆ. ಇದೆಲ್ಲವನ್ನೂ ಮಾವ ಬದುವಿನಿಂದಲೇ ಕೂಗಿ ಹೇಳಿದರು. ಮೊದಲ ಸಾಲಿನ ಅರ್ಧದವರೆಗೆ ನಾನು ಎತ್ತುಗಳ ನೊಗದ ನಡುವೆ ದೃಷ್ಟಿಯಿಟ್ಟು ನೆಟ್ಟಗೇ ನಡೆದೆ. ಅಷ್ಟರಲ್ಲಿ ರಸ್ತೆಯ ಮೇಲೆ ಖಾಕಿ ಅಂಗಿಯ ಒಬ್ಬರು ಸೈಕಲ್ ತುಳಿಯುತ್ತ ಊರಿನ ಕಡೆ ಬರುವುದು ಕಂಡಿತು. ಮೊದಲ ತಂತಿಯನ್ನು ತಂದವರೂ ಹೀಗೆಯೇ ಬಂದಿದ್ದರು. ಎತ್ತುಗಳು ನಿಲ್ಲಲಿಲ್ಲ, ನಾನೂ ನಿಲ್ಲಿಸಲಿಲ್ಲ. ಕೈ ಮಾತ್ರ ಮೇಳಿಯನ್ನು ಎಡಕ್ಕೆ ವಾಲಿಸಿಬಿಟ್ಟಿತ್ತು. ಹತ್ತಿರ ಬಂದಾಗ ನೋಡಿದರೆ ಅವರು ಕರೆಂಟಿನ ಲೈನ್‌ಮನ್.

ಕೂರಿಗೆಯ ಸ್ವಭಾವವೆಂದರೆ ಹಿಂದಿನ ಸಾಲಿನ ಅಂಚು ಹಿಡಿದೇ ಮುಂದಿನ ಸಾಲು ಹೋಗಬೇಕು. ಆ ಸೊಟ್ಟು ಸಂಜೆಯವರೆಗೆ, ಹೊಲದ ಇನ್ನೊಂದು ಬದುವಿನವರೆಗೆ, ಸಾಲು ಸಾಲಿಗೂ ಹಾಗೆಯೇ ಉಳಿಯಿತು. ವಾರದೊಳಗೆ ಹೆಸರು ಮೊಳೆತಾಗ ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿ ನಕ್ಕರು.

ಜೂನ್ ಮೊದಲ ವಾರ 56 ಎ.ಪಿ.ಒ. ಎಂಬ ಸೈನ್ಯದ ಅಂಚೆ ವಿಳಾಸದಿಂದ ಮನೆಯವರು ಬರೆದ ಇನ್‌ಲ್ಯಾಂಡ್ ಪತ್ರ ನಮ್ಮ ಕೈ ಸೇರಿದ್ದು ಜುಲೈನಲ್ಲಿ. ಮೊದಲ ಮಳೆಗೇ ಆತುರಪಡಬೇಡಿ, ಆಳು ಸಿಗದಿದ್ದರೆ ಹೊಲವನ್ನು ಪಾಲಿಗೆ ಕೊಡಿ ಎಂದು ಅದರಲ್ಲಿತ್ತು. ಆಗಲೇ ನಾನು ಸಾಲುಗಳ ನಡುವಿನ ಕಳೆ ತೆಗೆಯುವ ಎಡೆಕುಂಟೆ ಹೂಡಿದ್ದೆ. ಬಿತ್ತನೆಯಾಯಿತು, ಪೈರು ಚೆನ್ನಾಗಿದೆ ಎಂದಷ್ಟೇ ಉತ್ತರ ಬರೆದೆ.

ಯುದ್ಧ ಜುಲೈ 26ಕ್ಕೆ ಮುಗಿದರೂ ಅವರಿಗೆ ರಜೆ ಸಿಕ್ಕಿದ್ದು ನವೆಂಬರಿನಲ್ಲಿ. ಹೆಸರು ಎಂದೋ ಮನೆಗೆ ಬಂದಿತ್ತು, ತೊಗರಿ ಎದೆಯುದ್ದ ನಿಂತು ಹೂವಾಡಿತ್ತು. ಬಂದ ಮರುದಿನವೇ ಹೊಲಕ್ಕೆ ಹೋದವರು ಸಾಲಿನ ತುದಿಯಲ್ಲಿ ನಿಂತು, ನಡುವೆ ಅದು ಬಾಗಿದ ಜಾಗವನ್ನು ಬಹಳ ಹೊತ್ತು ನೋಡಿದರು. ಯಾರು ಬಿತ್ತಿದರೆಂದು ಅವರು ಕೇಳಲಿಲ್ಲ. ಅಷ್ಟು ಹೊತ್ತಿಗೆ ಊರಿನವರೇ ಹೇಳಿರಬೇಕು.

“ಇದರಾಗ ಎಡಿ ಹ್ಯಾಂಗ ಹೊಡೀಲಿಕ್ಕಾತು? ಬೆಳಿ ಕಡೀಲಿಲ್ಲೇನು?” ಎಂದರು.

“ಎಡಿನೂ ನಾನೇ ಹೊಡದೀನಿ. ಎಲ್ಲಿ ಹೊಳ್ಳಬೇಕಂತ ನನಗ ಗೊತ್ತಿತ್ತು” ಎಂದೆ.

ಸೈಕಲ್ಲಿನ ವಿಷಯವನ್ನು ಹೇಳಲಿಲ್ಲ.