ತೊಳೆದದ್ದು ಯಾವ ವರ್ಷ?

ಭಾನುವಾರದಿಂದ ಚಿಕ್ಕಪ್ಪನ ಅಂಗೈ ನನ್ನ ಕಣ್ಣ ಮುಂದಿನಿಂದ ಕದಲಿಲ್ಲ. ಕೊಳ್ಳಲೆಂದು ನೋಡಹೋಗಿದ್ದ ಹಳೆಯ ಕಾರೊಂದರ ಸೀಟಿನ ಹಿಂದಿನ ಮೂಲೆಯಲ್ಲಿ ಕಾರ್ಪೆಟ್ ಒತ್ತಿ ಮೇಲೆತ್ತಿದ ಕೈ ಅದು. ಬೆರಳ ಸಂದಿಯಿಂದ ಕಂದು ನೀರು ಜಿನುಗಿ ಮಣಿಕಟ್ಟಿಗೆ ಇಳಿದು, ಅಲ್ಲಿಂದ ಮೊಣಕೈ ಕಡೆ ಹೊರಟಿತ್ತು. ಅದಕ್ಕೆ ಎರಡೇ ನಿಮಿಷ ಮುಂಚೆ ಮಾರುವವರು ಹೇಳಿದ್ದರು, "ಟಾಪ್ ಗಟ್ಟಿಯಾಗಿದೆ ಸಾರ್, ಇವತ್ತಿನ ತನಕ ಒಂದು ಹನಿ ಒಳಗೆ ಬಂದಿಲ್ಲ."

ಚಿಕ್ಕಪ್ಪ ಏನೂ ಅನ್ನದೆ ಕೈ ತೋರಿಸಿದರು.

"ಅದು ಕಾರು ತೊಳೆದ ನೀರು ಸಾರ್."

"ತೊಳೆದದ್ದು ಯಾವ ವರ್ಷ?"

ನಗು ಬಂತು, ತಡೆದುಕೊಂಡೆ. ಆಮೇಲೆ ನಗು ಹೋಗಿ ಸಂಕಟ ಉಳಿಯಿತು. ಯಾಕೆಂದರೆ ಆ ಕಾರಿಗೆ ನಾನು ಮನಸ್ಸಿನಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೆ.

ಎರಡು ಸೀಟಿನ ಹಳೆಯ ಕನ್ವರ್ಟಿಬಲ್, ಅಂದರೆ ಟಾಪ್ ಎನ್ನುವ ಬಟ್ಟೆಯ ಚಾವಣಿಯನ್ನು ಬಿಚ್ಚಿ ಮಡಿಚಿಡಬಹುದಾದ ಕಾರು. ಕಂಪನಿ ಹೆಸರು ಬೇಡ, ತಪ್ಪು ಅವರದಲ್ಲ. ಚಾವಣಿ ಬಿಚ್ಚಿದ ಕಾರಿನ ಹುಚ್ಚು ನನಗೆ ಶಾಲೆಯ ದಿನಗಳಿಂದಲೂ ಇದೆ. 1989ರಲ್ಲಿ ಮಾಜ್ದಾದವರ ಎಂಎಕ್ಸ್-5 ಬಂತಲ್ಲ, ಅದರ ಚಿತ್ರ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದವನು ನಾನು. ತಯಾರಾದ ಆ ಕಾರುಗಳ ಸಂಖ್ಯೆ 2016ರಲ್ಲಿ ಹತ್ತು ಲಕ್ಷದ ಗಡಿ ದಾಟಿತು. ಅಂದರೆ ಈ ಹುಚ್ಚು ನನಗೊಬ್ಬನಿಗೇ ಹಿಡಿದದ್ದಲ್ಲ ಅಂತ ಒಂದು ಸಮಾಧಾನ.

ಮಾರುವವರು ಟಾಪ್ ಬಿಚ್ಚಿ ತೋರಿಸಿದ್ದು ಥೇಟ್ ಜಾದೂಗಾರನ ಹಾಗೆ. ಎರಡು ಕೊಂಡಿ ತೆಗೆದು, ಒಂದು ತಳ್ಳು ಕೊಟ್ಟರು, ಆಕಾಶ ಕಂಡಿತು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಚಿಕ್ಕಪ್ಪ ಮಾತ್ರ, "ಬಿಚ್ಚೋದನ್ನ ಎಲ್ಲರೂ ತೋರಿಸ್ತಾರೆ. ಈಗ ಮುಚ್ಚಿ," ಅಂದರು. ಅಲ್ಲಿ ಜಾದೂ ಕೆಟ್ಟಿತು. ಬಟ್ಟೆ ವರ್ಷಗಟ್ಟಲೆ ಮಡಿಚಿಕೊಂಡೇ ಇದ್ದು ಕುಗ್ಗಿತ್ತು. ಮುಂದಿನ ಗಾಜಿನ ಚೌಕಟ್ಟಿಗೆ ಕೊಂಡಿ ಸಿಗಿಸಲು ಅವರು ಎಳೆದರು, ನಾನೂ ಒಂದು ಕೈ ಹಾಕಿದೆ. ಮುಚ್ಚಿದ ಮೇಲೆ ಚಿಕ್ಕಪ್ಪ ಒಳಗೆ ಕೂತು ಬಾಗಿಲು ಹಾಕಿಸಿಕೊಂಡು, ಬೆಳಕು ಎಲ್ಲೆಲ್ಲಿ ತೂರಿ ಬರುತ್ತಿದೆ ಅಂತ ನೋಡಿದರು. ಕಿಟಕಿಯ ಮೇಲಂಚಿನ ರಬ್ಬರ್ ಬೀಡಿಂಗ್ ಉಗುರಿನಲ್ಲಿ ಒತ್ತಿದರೆ ಗುಳಿ ಬಿದ್ದದ್ದು ಮತ್ತೆ ಮೇಲೇಳಲಿಲ್ಲ. ಹಿಂದಿನ ಪ್ಲಾಸ್ಟಿಕ್ ಕಿಟಕಿಯಂತೂ ಪೊರೆ ಬಂದ ಕಣ್ಣು. ಕರೆಂಟಿನಲ್ಲಿ ಮಡಿಚಿಕೊಳ್ಳುವ ಟಾಪ್ ಆಗಿದ್ದಿದ್ದರೆ ಪಂಪು, ಅದರ ಆಯಿಲ್ ಪೈಪುಗಳು, ಹತ್ತಾರು ಸಣ್ಣ ಸ್ವಿಚ್ಚುಗಳು ಅಂತ ಇನ್ನೊಂದು ಪುರಾಣವೇ ತೆರೆಯುತ್ತಿತ್ತು. ಅದನ್ನು ಒಂದೇ ಸಲ ಅಲ್ಲ, ಮೂರು ನಾಲ್ಕು ಸಲ ಬಿಚ್ಚಿ ಮುಚ್ಚಿಸಿ ನೋಡಬೇಕಂತೆ. ಅರ್ಧದಲ್ಲಿ ತೊದಲಿದರೆ ಬ್ಯಾಟರಿ ಅನ್ನುತ್ತಾರೆ, ಕೆಲವೊಮ್ಮೆ ಅದು ನಿಜವೂ ಹೌದು.

(ಮಡಿಚಿ ಡಿಕ್ಕಿಯೊಳಗೆ ಹೋಗುವ ತಗಡಿನ ಚಾವಣಿಯನ್ನು ಪೆಜೋ ಕಾರುಗಳಿಗೆ 1930ರ ದಶಕದಲ್ಲೇ ರೂಪಿಸಿದವರು ಜಾರ್ಜ್ ಪೌಲಿನ್ ಎಂಬ ಫ್ರೆಂಚ್ ದಂತವೈದ್ಯ. ಬಾಯಿ ತೆರೆಸಿ ಮುಚ್ಚಿಸುವುದು ಅವರಿಗೆ ಹೊಸ ಕಸುಬೇನೂ ಆಗಿರಲಿಲ್ಲ.)

ನಾನು ಆವರೆಗೆ ನೋಡಿದ್ದೆಲ್ಲ ಮೇಲಿನ ಬಟ್ಟೆಯನ್ನು. ಚಿಕ್ಕಪ್ಪ ನೋಡಿದ್ದೆಲ್ಲ ಕೆಳಗೆ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ನನ್ನ ಕೈಗಿಟ್ಟು, "ತಿರುಚು" ಅಂದರು. ಜಗ್ಗಲಿಲ್ಲ. ಮೇಲಿನ ಕವಚ ಕಳಚಿ, ಕಡ್ಡಿ ಸುರಿದು, ಬರೀ ಒಳಗಿನ ತಟ್ಟೆ ಕೊಟ್ಟರು. ಎರಡು ಬೆರಳಿಗೆ ತಿರುಚಿಕೊಂಡಿತು. "ಚಾವಣಿ ಕತ್ತರಿಸಿದ ಕಾರು ಇದು ಕಣೋ. ಭಾರ ಎಲ್ಲಾ ಬಾಗಿಲ ಕೆಳಗಿನ ಈ ಪೆಟ್ಟಿಗೆ ಮೇಲೆ. ಇದಕ್ಕೆ ತುಕ್ಕು ಹಿಡೀತು ಅಂದ್ರೆ ಮಿಕ್ಕಿದ್ದಕ್ಕೆಲ್ಲ ಪಾಲಿಶ್ ಹೊಡೆದು ಏನು ಬಂತು?"

ಆ ಪೆಟ್ಟಿಗೆಗೂ ಅವರ ಅಂಗೈಯ ನೀರಿಗೂ ಸಂಬಂಧ ಇದೆ. ಬಟ್ಟೆಯ ಮೇಲೆ ಬಿದ್ದ ಮಳೆ ಹಿಂದಕ್ಕೆ ಹರಿದು, ಸೂರಿನ ದೋಣಿಯಂಥದ್ದೊಂದು ಕಾಲುವೆಗೆ ಬೀಳುತ್ತದೆ. ಅಲ್ಲಿಂದ ಸೀಟಿನ ಹಿಂದಿನ ಎರಡು ಮೂಲೆಯ ತೂತುಗಳ ಮೂಲಕ ಪೈಪಿನಲ್ಲಿ ಇಳಿದು ಕಾರಿನ ಅಡಿಗೆ ಹೋಗಬೇಕು. ಮರದಡಿ ನಿಲ್ಲಿಸಿದ ಕಾರಾದರೆ ಎಲೆ, ಹೂವಿನ ಪುಡಿ, ಧೂಳು ಸೇರಿ ಆ ತೂತು ಮುಚ್ಚಿಹೋಗುತ್ತದೆ. ಆಗ ನೀರು ಉಕ್ಕಿ ಒಳಗೆ ಬರುತ್ತದೆ, ಕಾರ್ಪೆಟ್ಟಿನ ಕೆಳಗಿನ ಸ್ಪಂಜು ಕುಡಿಯುತ್ತದೆ, ಉಳಿದದ್ದು ಆ ಪೆಟ್ಟಿಗೆಯೊಳಗೆ ಸೇರಿ ಕೂರುತ್ತದೆ. ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತದೆ. ಹೊರಗೆ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಊಟ ಮುಗಿದಿರುತ್ತದೆ. ಟಾಪ್ ನಿಜಕ್ಕೂ ಸೋರದಿದ್ದರೂ ಕಾರು ಒದ್ದೆಯಾಗಬಹುದು ಅನ್ನುವುದು ನನಗೆ ಗೊತ್ತಾಗಿದ್ದೇ ಆವತ್ತು.

ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಚಿಕ್ಕಪ್ಪ ಬಾಗಿಲ ಕೆಳಗೆ ಉದ್ದಕ್ಕೂ ಜಾರಿಸುತ್ತ ಬಂದರು. ಹಿಂದಿನ ಚಕ್ರದ ಹತ್ತಿರ ಒಂದು ಗೇಣು ಜಾಗದಲ್ಲಿ ಅದು ಅಂಟದೆ ಉದುರಿತು. ಅಲ್ಲಿ ತಗಡೇ ಇಲ್ಲ, ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. (ಎಲ್ಲೆಲ್ಲಿ ಅಂಟುವುದಿಲ್ಲವೋ ಅಲ್ಲೆಲ್ಲ ಪುಟ್ಟಿ ಅಂದುಕೊಳ್ಳಬಾರದು. ಮೊದಲ ಎಂಎಕ್ಸ್-5ರ ಬಾನೆಟ್ಟು ಅಲ್ಯೂಮಿನಿಯಂ, ಅದಕ್ಕೆ ಯಾವ ಅಯಸ್ಕಾಂತವೂ ಅಂಟದು.) ಆ ಬದಿಗೆ ಜಾಕ್ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿ ಬಾಗಿಲು ತೆಗೆಯಲು ಹೇಳಿದರು. ಹತ್ತು ನಿಮಿಷದ ಹಿಂದೆ ಸಲೀಸಾಗಿ ತೆರೆದ ಬಾಗಿಲು ಈಗ ಕಚ್ಚಿಕೊಂಡಿತು. ಕಾರಿನ ನಡು ಬಾಗಿತ್ತು.

ಟೈರಿನ ಕಥೆ ಕೇಳಿ. ಹಲ್ಲು ಹೊಸದರ ಹಾಗೇ ಇತ್ತು, ನಾನದನ್ನು ಕಾರಿನ ಗುಣಗಳ ಪಟ್ಟಿಗೆ ಸೇರಿಸಿಕೊಂಡಿದ್ದೆ. ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ 3511. ಅಂದರೆ 2011ನೇ ಇಸವಿಯ 35ನೇ ವಾರದಲ್ಲಿ ತಯಾರಾದದ್ದು. ಇಂಥ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಟೈರು ಸವೆಯುವುದಿಲ್ಲ, ಕೂತಲ್ಲೇ ಮುದಿಯಾಗುತ್ತದೆ. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಅನ್ನುವ ರಬ್ಬರ್ ಪಟ್ಟಿಯೂ ಹಾಗೆಯೇ, ಅದಕ್ಕೆ ಕಿಲೋಮೀಟರ್ ಲೆಕ್ಕದ ಜೊತೆ ವರ್ಷದ ಲೆಕ್ಕವೂ ಉಂಟು. ಕೊನೆಯ ಸಲ ಬದಲಿಸಿದ್ದು ಯಾವಾಗ ಅಂದರೆ, ಮಾರುವವರು ಮೀಟರ್ ತೋರಿಸಿ, "ಓಡೇ ಇಲ್ವಲ್ಲ ಸಾರ್" ಅಂದರು. ಎಂಜಿನ್ ಮಾತ್ರ ಚೆನ್ನಾಗಿತ್ತು. ಆದರೆ ನಾವು ಹೋಗುವಷ್ಟರಲ್ಲೇ ಬಾನೆಟ್ ಬಿಸಿಯಿತ್ತು. ಬಿಸಿಯಲ್ಲಿ ಹುಳುಕು ಮುಚ್ಚಿಹೋಗುತ್ತದೆ, ಕಾರನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು ಅಂತ ಫೋನಿನಲ್ಲೇ ಹೇಳಿದ್ದೆವು.

ಆ ಮನುಷ್ಯನ ಮೇಲೆ ಮೊದಲೆರಡು ದಿನ ಸಿಟ್ಟಿತ್ತು. ಈಗ ಅಷ್ಟಿಲ್ಲ. ಒಂದು ಹನಿ ಬಂದಿಲ್ಲ ಅಂದರಲ್ಲ, ಅದನ್ನು ಅವರು ನಂಬಿಯೇ ಹೇಳಿದರೋ ಏನೋ. ಮಳೆಯಲ್ಲಿ ಆ ಕಾರು ತೆಗೆದಿದ್ದರೆ ತಾನೆ ಗೊತ್ತಾಗುವುದು! ಸೀಟಿನ ಹಿಂದೆ ಕೈ ಹಾಕಿ ನೋಡುವ ಪೈಕಿಯ ಮನುಷ್ಯನೂ ಅಲ್ಲ ಅವರು, ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಪೈಕಿ. ಪುಟ್ಟಿ ಕೂಡ ಅವರಿಗಿಂತ ಹಿಂದಿನವರ ಕೈಚಳಕ ಇರಬಹುದು.

ನನ್ನದು ಹಾಗಲ್ಲ. ಒಳಗೆ ಕೂತ ತಕ್ಷಣ ಮುಗ್ಗಲು ವಾಸನೆ ನನ್ನ ಮೂಗಿಗೆ ಹೊಡೆದಿತ್ತು. "ಹಳೇ ಲೆದರ್ ವಾಸನೆ ಚಿಕ್ಕಪ್ಪ, ಹೀಗೇ ಇರುತ್ತೆ" ಅಂದವನು ನಾನು. ಕನ್ನಡಿಗೆ ಒಂದಲ್ಲ, ಎರಡು ಸೆಂಟಿನ ಕಾರ್ಡು ನೇತಾಡುತ್ತಿದ್ದವು, ಎಷ್ಟು ಶಿಸ್ತಿನ ಮನುಷ್ಯ ಅಂದುಕೊಂಡೆ. ಬಾಗಿಲ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇಲ್ಲದ್ದು ಕಂಡಿತ್ತು, ಕಂಡದ್ದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಚಿಕ್ಕಪ್ಪ ಜಾಕ್ ಇನ್ನೂ ಬೇಗ ತರಿಸುತ್ತಿದ್ದರು. ಮಾರುವವರು ಹೇಳಿದ್ದು ಒಂದು ಸುಳ್ಳು. ನನಗೆ ನಾನೇ ಹೇಳಿಕೊಂಡದ್ದು ಮೂರು.

ವಾಪಸ್ ಬರುವಾಗ ಚಿಕ್ಕಪ್ಪ ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕರ್ಚೀಫಿನಲ್ಲಿ ಕೈ ಒರೆಸುತ್ತಲೇ ಇದ್ದರು. ಆ ವಾಸನೆ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ.

ನಿನ್ನೆ ಸಂಜೆ ಮಾರುವವರ ಫೋನ್ ಬಂತು. ರೇಟು ಇಳಿಸಲು ಮಾಡಿದ್ದಾರೆ ಅಂದುಕೊಂಡು ಒರಟಾಗಿಯೇ ಹಲೋ ಅಂದೆ. "ಅಲ್ಲ ಸಾರ್, ಆ ತೂತು ಅಂದ್ರಲ್ಲ ನಿಮ್ಮ ಚಿಕ್ಕಪ್ಪ, ಅದು ಕರೆಕ್ಟಾಗಿ ಎಲ್ಲಿದೆ?" ಹೇಳಿದೆ. ತಂತಿ ತೂರಿಸಲು ಹೋಗಿ ಪೈಪು ತೂತು ಮಾಡಿಕೊಳ್ಳಬೇಡಿ, ಮೆತ್ತಗಿನ ನೈಲಾನ್ ದಾರ ಆದರೆ ಒಳ್ಳೆಯದು ಅಂದೆ. ಅರ್ಧ ಗಂಟೆ ಬಿಟ್ಟು ಒಂದು ಫೋಟೋ ಕಳಿಸಿದರು. ನ್ಯೂಸ್‌ಪೇಪರಿನ ಮೇಲೆ ಒಂದು ಮುಷ್ಟಿ ಕರಿ ಕೆಸರು, ಅದರಲ್ಲಿ ಕೊಳೆತ ಎಲೆ, ಒಂದು ಗುಂಡಿ.

ಚಿಕ್ಕಪ್ಪನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಫೋಟೋ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು.

"ಇದು ಒಂದು ಕಡೇದು. ಇನ್ನೊಂದು ಕಡೇನೂ ನೋಡೋಕೆ ಹೇಳು."