ಹ್ಯಾಂಬರ್ಗ್‌ನ ಗೋದಾಮುಗಳಲ್ಲಿ ಕಾಳುಮೆಣಸಿನ ಜಾಡು: ಹೋಗುವವರಿಗೆ ಒಂದಿಷ್ಟು ಮಾತು

ಮಸಾಲೆ ಮ್ಯೂಸಿಯಂನ ಟಿಕೆಟ್ಟಿಗೆ ದುಡ್ಡು ಕೊಟ್ಟಾಗ ಕೌಂಟರಿನವರು ಆಯಿಯ, ಅಂದರೆ ನನ್ನ ಅಮ್ಮನ, ಕೈಗಿಟ್ಟದ್ದು ಕಾಳುಮೆಣಸಿನ ಪುಟ್ಟ ಪೊಟ್ಟಣ. ಅಲ್ಲಿ ಪ್ರವೇಶ ಚೀಟಿಯೇ ಅದು. ಶಿರಸಿ ಸೀಮೆಯ ತೋಟದಲ್ಲಿ ನಲವತ್ತು ವರ್ಷ ಮೆಣಸು ಕೊಯ್ದು, ಒಣಗಿಸಿ, ಚೀಲ ಕಟ್ಟಿದವಳು ಅವಳು. ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನ ತುದಿಗೆ ಕಟ್ಟಿಕೊಂಡಳು.

ಜರ್ಮನಿಗೆ ಬರುವ ನಮ್ಮವರು ಹ್ಯಾಂಬರ್ಗ್‌ನಲ್ಲಿ ಸಾಮಾನ್ಯವಾಗಿ ಪುಟಾಣಿ ರೈಲುಗಳ ಪ್ರದರ್ಶನ ನೋಡಿ ಮುಂದಿನ ಊರಿಗೆ ಹೋಗುತ್ತಾರೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಸ್ಪೈಸೀಸ್ ಎಂಬ ಮಸಾಲೆ ಮ್ಯೂಸಿಯಂ ಇದೆ. ತೋಟ, ಅಡುಗೆಮನೆ, ಬಂದರು ಇವುಗಳಲ್ಲಿ ಯಾವುದರ ಮೇಲಾದರೂ ಪ್ರೀತಿ ಇರುವವರು ಆ ಬೀದಿಗೆ ಒಂದು ಇಡೀ ದಿನ ಮೀಸಲಿಡಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಈ ಬರಹದ ಮುಖ್ಯ ಸಲಹೆಯೇ ಅದು.

ಮುಖ್ಯ ರೈಲು ನಿಲ್ದಾಣದಿಂದ ಯು3 ಮೆಟ್ರೊ ಹತ್ತಿ ಬೌಮ್‌ವಾಲ್‌ನಲ್ಲಿ ಇಳಿಯಬೇಕು. ಕೊನೆಗೆ ರೈಲು ನೆಲದಡಿಯಿಂದ ಮೇಲೆದ್ದು ಬರುವಾಗ ಬಂದರು ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಸೇತುವೆ ದಾಟಿದರೆ ಶ್ಪೈಶರ್‌ಶ್ಟಾಟ್, ಅಂದರೆ ಗೋದಾಮುಗಳ ಊರು. ಕಾಲುವೆಗಳ ಎರಡೂ ಬದಿಗೆ ಕೆಂಪು ಇಟ್ಟಿಗೆಯ ಎತ್ತರದ ಕಟ್ಟಡಗಳು, ಒಂದೊಂದರ ನೆತ್ತಿಯಲ್ಲೂ ಚೀಲ ಎತ್ತುವ ರಾಟೆ. ಸರಕು ಕಾಲುವೆಯಲ್ಲಿ ದೋಣಿಯಿಂದ ಬಂದು ನೇರ ಮೇಲಿನ ಮಹಡಿಗೆ ಏರುತ್ತಿತ್ತು. 1883ರಲ್ಲಿ ಶುರುವಾದ ಕೆಲಸ 1927ರವರೆಗೆ ನಡೆಯಿತು. ಕೆಸರು ನೆಲದಲ್ಲಿ ನೆಟ್ಟ ಮರದ ಕಂಬಗಳ ಮೇಲೆ ಇದೆಲ್ಲ ನಿಂತಿದೆ.

ಇದನ್ನು ಕಟ್ಟಿದ್ದು ಸುಂಕದ ಲೆಕ್ಕಾಚಾರದಿಂದ. 1888ರಲ್ಲಿ ಹ್ಯಾಂಬರ್ಗ್ ಜರ್ಮನಿಯ ಸುಂಕದ ಗಡಿಯೊಳಗೆ ಸೇರಿತು. ಆದರೆ ಬಂದರಿನ ಈ ಭಾಗ ಮಾತ್ರ ಸುಂಕಮುಕ್ತವಾಗಿ ಉಳಿಯಿತು. ಕಾಫಿ, ಚಹಾ, ಕೋಕೋ, ಮಸಾಲೆ ಎಲ್ಲವನ್ನೂ ಸುಂಕ ಕಟ್ಟದೆ ವರ್ಷಗಟ್ಟಲೆ ಇಟ್ಟುಕೊಂಡು, ಧಾರಣೆ ಏರಿದಾಗ ಮಾರಬಹುದಿತ್ತು. ಅದಕ್ಕಾಗಿ ಸುಮಾರು 20,000 ಜನರನ್ನು ಮನೆಯಿಂದ ಎಬ್ಬಿಸಿದರು. ಎರಡನೇ ಮಹಾಯುದ್ಧದ ಬಾಂಬಿಗೆ ಸರಿಸುಮಾರು ಅರ್ಧ ಭಾಗ ಹಾಳಾಗಿ, ಆಮೇಲೆ ಮತ್ತೆ ಕಟ್ಟಿದ್ದು. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಈ ಹಿನ್ನೆಲೆ ತಿಳಿದು ಒಳಗೆ ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬೆಳಿಗ್ಗೆ ಮೊದಲು ಅಂತರರಾಷ್ಟ್ರೀಯ ನೌಕಾ ಮ್ಯೂಸಿಯಂಗೆ ಹೋದೆವು. 1879ರ ಹಳೇ ಗೋದಾಮಿನಲ್ಲಿ 2008ರಿಂದ ಇರುವ ಇದು ತುಂಬ ಒಳ್ಳೆಯದು. ನಾವೆಯ ಮಾದರಿಗಳು, ಭೂಪಟಗಳು, ದಿಕ್ಕು ಹಿಡಿಯುವ ಉಪಕರಣಗಳು. ಮಕ್ಕಳಿದ್ದರೆ ಲೆಗೊ ಇಟ್ಟಿಗೆಗಳಿಂದ ಕಟ್ಟಿದ ಕ್ವೀನ್ ಮೇರಿ 2 ಹಡಗಿನ ಮುಂದಿನಿಂದ ಕದಲುವುದಿಲ್ಲ. ಆದರೆ ಒಂಬತ್ತು ಅಂತಸ್ತು! ಮೂರನೆಯದಕ್ಕೆ ಬರುವಷ್ಟರಲ್ಲಿ ಆಯಿಯ ಮೊಣಕಾಲು ಹಟ ಹಿಡಿಯಿತು. ಹಿರಿಯರಿದ್ದರೆ ಮಸಾಲೆ ಮ್ಯೂಸಿಯಂ ಮೊದಲು, ನೌಕಾ ಮ್ಯೂಸಿಯಂ ಇನ್ನೊಂದು ದಿನಕ್ಕೆ ಇರಲಿ.

ಸ್ಪೈಸೀಸ್ ಇರುವುದು ಆಂ ಸಾಂಡ್‌ಟೋರ್‌ಕಾಯ್ ರಸ್ತೆಯ 34ನೇ ನಂಬರಿನ ಗೋದಾಮಿನಲ್ಲಿ, ಮಹಡಿ ಮೇಲೆ. ಮೆಟ್ಟಿಲು ಹತ್ತಲು ಕಷ್ಟ ಇರುವವರು ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ. ಬಾಗಿಲು ತಲುಪುವ ಮೊದಲೇ ವಾಸನೆ ಬರುತ್ತದೆ. ಜಾಗ ದೊಡ್ಡದಲ್ಲ. ಐದು ಶತಮಾನಗಳ 900ಕ್ಕೂ ಹೆಚ್ಚು ವಸ್ತುಗಳಿವೆ. ಅವುಗಳಿಗಿಂತ ಮುಖ್ಯವಾದದ್ದು ಬಾಯಿ ತೆರೆದಿಟ್ಟ ಮಸಾಲೆಗಳು, ಸುಮಾರು 50 ಬಗೆ. ಮುಟ್ಟಬಹುದು, ಮೂಸಬಹುದು, ತಿಂದು ನೋಡಬಹುದು. ‘ಮುಟ್ಟಬೇಡಿ’ ಎಂದು ಕೇಳಿಯೇ ಬೆಳೆದ ನಮಗೆ ಮೊದಲ ಹತ್ತು ನಿಮಿಷ ಕೈ ಮುಂದೆ ಹೋಗಲಿಲ್ಲ.

ಆಯಿ ನೇರ ಮೆಣಸಿನ ಹತ್ತಿರ ಹೋದಳು. ಒಂದು ಹಿಡಿ ತೆಗೆದು, ಬೊಗಸೆಯಲ್ಲಿ ಅಲುಗಿಸಿ ತೂಕ ನೋಡಿದಳು. ಎರಡು ಕಾಳು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಉಜ್ಜಿದಳು. ‘ತಮಾ, ಇದು ಬೆಳೆದ ಕಾಳು. ಗೊಂಚಲಲ್ಲಿ ಒಂದೆರಡು ಕೆಂಪಾದ ಮೇಲೆಯೇ ಕೊಯ್ದಿದ್ದು’ ಎಂದಳು. ಎಳೆಯದಾಗಿ ಕೊಯ್ದರೆ ಒಣಗಿದಾಗ ಕಾಳು ಜೊಳ್ಳಾಗುತ್ತದೆ. ಅದಕ್ಕೇ ವ್ಯಾಪಾರದಲ್ಲಿ ಲೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಎಂಬುದರ ಮೇಲೆ, 500 ಅಥವಾ 550 ಎಂದು, ದರ್ಜೆ ಕಟ್ಟುತ್ತಾರೆ. ಆಯಿಗೆ ಆ ಅಂಕಿ ಗೊತ್ತಿಲ್ಲ, ಅಂಗೈಗೆ ಗೊತ್ತು. ಪಕ್ಕದಲ್ಲಿದ್ದ ಬಿಳಿ ಮೆಣಸು ನೋಡಿ ಒಬ್ಬ ಹುಡುಗಿ ತನ್ನ ಅಮ್ಮನನ್ನು ಏನೋ ಕೇಳುತ್ತಿದ್ದಳು. ಎರಡೂ ಒಂದೇ ಬಳ್ಳಿಯದು, ಹಣ್ಣಾದ ಕಾಳನ್ನು ನೀರಲ್ಲಿ ನೆನೆಸಿ ಸಿಪ್ಪೆ ತೆಗೆದರೆ ಬಿಳಿ, ಬಲಿತ ಹಸಿರು ಕಾಳನ್ನು ಹಾಗೇ ಒಣಗಿಸಿದರೆ ಕಪ್ಪು ಎಂದು ಆಯಿ ಹೇಳಿದಳು, ನಾನು ಇಂಗ್ಲಿಷಿಗೆ ತಂದೆ, ಆ ಅಮ್ಮ ಜರ್ಮನ್‌ಗೆ. ಹುಡುಗಿ ಎರಡನ್ನೂ ಕಚ್ಚಿ ನೋಡಿದಳು. ಜಾಯಿಕಾಯಿ ಮತ್ತು ಜಾಪತ್ರೆ ಒಂದೇ ಹಣ್ಣಿನವು ಎಂಬ ಪಾಠವೂ ಆಯಿತು. ನಮ್ಮ ಕಾಡಿನ ರಾಮಪತ್ರೆ ಅದರದೇ ಬಳಗ ಎಂಬುದನ್ನು ಆಯಿ ಕೊನೆಗೆ ಸೇರಿಸಿದಳು.

ಗೋಡೆಯ ವಿವರಗಳನ್ನು ಓದುವ ಮೊದಲು ನಮ್ಮ ಕಡೆಯ ಇತಿಹಾಸ ಸ್ವಲ್ಪ ಓದಿಕೊಂಡು ಹೋಗಿ ಎನ್ನುವುದು ನನ್ನ ಇನ್ನೊಂದು ಮಾತು. ಬಂದರಿನ ಊರು ಕತೆಯನ್ನು ಬಂದರಿನಿಂದಲೇ ಶುರುಮಾಡುತ್ತದೆ, ಅದು ಸಹಜ. ಹ್ಯಾಂಬರ್ಗ್‌ನ ಸಿರಿವಂತ ವರ್ತಕರಿಗೆ ‘ಫೆಫರ್‌ಸಾಕ್’, ಮೆಣಸಿನ ಮೂಟೆ, ಎಂಬ ಅಡ್ಡಹೆಸರೇ ಇತ್ತು. ಮೂಟೆಯ ಈಚೆ ತುದಿಯಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಇದ್ದಳು. 16ನೇ ಶತಮಾನದಲ್ಲಿ ಅರ್ಧ ಶತಮಾನದಷ್ಟು ಕಾಲ ಆಳಿದ ಅವಳನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಜಾಯಿಕಾಯಿಯ ಕತೆ ಇನ್ನೂ ಘೋರ. ಬಂಡಾ ದ್ವೀಪಗಳಲ್ಲಿ ಮಾತ್ರ ಬೆಳೆಯುತ್ತಿದ್ದ ಅದಕ್ಕಾಗಿ 1621ರಲ್ಲಿ ಡಚ್ ಕಂಪನಿ ಅಲ್ಲಿನ ಜನರ ಮಾರಣಹೋಮ ನಡೆಸಿತು. 1667ರ ಒಪ್ಪಂದದಲ್ಲಿ ಅಲ್ಲಿನ ರನ್ ಎಂಬ ಪುಟ್ಟ ದ್ವೀಪ ಡಚ್ಚರಿಗೆ ಉಳಿಯಿತು, ಮ್ಯಾನ್‌ಹಟನ್ ಇಂಗ್ಲಿಷರಿಗೆ. ಜಾಯಿಕಾಯಿಯನ್ನು ಮೂಗಿನ ಹತ್ತಿರ ಹಿಡಿದಾಗ ಈ ಎರಡು ಇಸವಿಗಳು ನೆನಪಿದ್ದರೆ ಆ ಘಮ ಅಷ್ಟು ಹಗುರಾಗಿ ಬರುವುದಿಲ್ಲ. ಮಕ್ಕಳಿಗೂ ಇದನ್ನು ಹೇಳಬೇಕು.

ಪಕ್ಕದ 36ನೇ ನಂಬರಿನಲ್ಲಿ ಶ್ಪೈಶರ್‌ಶ್ಟಾಟ್ ಮ್ಯೂಸಿಯಂ. ಇದು ದುಡಿದವರ ಮ್ಯೂಸಿಯಂ, ನನಗೆ ಬಹಳ ಹಿಡಿಸಿತು. ಚೀಲ ಎಳೆಯುವ ಕೊಕ್ಕೆ, ಕೈಗಾಡಿ, ತಕ್ಕಡಿ, ಚೀಲಕ್ಕೆ ಚುಚ್ಚಿ ಮಾದರಿ ತೆಗೆಯುವ ಕೊಳವೆ. ಹಳೇ ಮರದ ನೆಲವೂ ಹಾಗೇ ಇದೆ. ನಮ್ಮ ಅಡಿಕೆ ಮಂಡಿಯಲ್ಲಿ ಓಡಾಡಿದವರಿಗೆ ಯಾವುದೂ ಹೊಸದಲ್ಲ. ಕಾಫಿ ರುಚಿ ನೋಡುವ ಕಾರ್ಯಕ್ರಮಗಳು ಇರುತ್ತವೆ, ಅವಕ್ಕೆ ಮುಂಚೆ ಹೆಸರು ಕೊಡಬೇಕು. ಮಂಗಳೂರಿನ ಕಡೆ ಮಳೆಗಾಳಿಗೆ ಹರಡಿ ಹದ ಮಾಡಿದ ಮಾನ್ಸೂನ್ಡ್ ಮಲಬಾರ್ ಕಾಫಿಯ ಹೆಸರು ಯುರೋಪಿನ ಕಾಫಿ ಅಂಗಡಿಗಳಲ್ಲಿ ಸಿಗುತ್ತದೆ. ಹಾಯಿ ಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಕಡಲ ತೇವ ಹೀರಿ ಬರುತ್ತಿದ್ದ ಕಾಳಿನ ರುಚಿಯನ್ನು ಈಗ ಕರಾವಳಿಯ ಗೋದಾಮಿನಲ್ಲೇ ತರಿಸುತ್ತಾರೆ. ಕಂಡರೆ ಒಂದು ಕಪ್ ಕುಡಿಯಿರಿ.

ಇನ್ನು ಸಣ್ಣಪುಟ್ಟ ವಿಷಯ. ಹ್ಯಾಂಬರ್ಗ್ ಕಾರ್ಡ್ ಕೊಂಡರೆ ಮೆಟ್ರೊ, ಬಸ್ಸಿನ ಪ್ರಯಾಣ ಅದರಲ್ಲೇ ಸೇರಿರುತ್ತದೆ, ಹಲವು ಮ್ಯೂಸಿಯಂಗಳಲ್ಲಿ ರಿಯಾಯಿತಿಯೂ ಸಿಗುತ್ತದೆ. ಸಮಯ ಋತುವಿಗೆ ತಕ್ಕಂತೆ ಬದಲಾಗಬಹುದು, ಹಿಂದಿನ ದಿನ ನೋಡಿಕೊಳ್ಳಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಆ ದಿನವನ್ನು ಮ್ಯೂಸಿಯಂಗೆ ಇಟ್ಟುಕೊಳ್ಳುವುದು ಜಾಣತನ, ಜನ ಮಾತ್ರ ಜಾಸ್ತಿ. ಬೇಸಿಗೆಯಲ್ಲೂ ಗಾಳಿ ಜೋರು, ಸ್ವೆಟರ್ ಬಿಡಬೇಡಿ. ನೆಲ ಕಲ್ಲುಹಾಸಿನದು, ಮೆತ್ತನೆ ಅಡಿಯ ಶೂ ಬೇಕು. ಊಟಕ್ಕೆ ನಾವು ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿದ್ದೆವು. ಜೊತೆಗೆ ಬೇಕರಿಯ ಫ್ರಾಂಟ್ಸ್‌ಬ್ರೋಟ್‌ಶೆನ್: ಬೆಣ್ಣೆ, ಚಕ್ಕೆ ಪುಡಿ ಹಚ್ಚಿ ಸುತ್ತಿದ ಹ್ಯಾಂಬರ್ಗ್‌ನದೇ ತಿಂಡಿ. ಮೊಟ್ಟೆ ತಿನ್ನದವರು ಕೇಳಿ ಕೊಳ್ಳಿ.

ಸಂಜೆಗೆ ಲಾಂಡುಂಗ್ಸ್‌ಬ್ರ್ಯೂಕೆನ್ ಕಟ್ಟೆಯಿಂದ 62ನೇ ನಂಬರಿನ ದೋಣಿ ಹಿಡಿಯಿರಿ. ಮೆಟ್ರೊ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ, ದುಬಾರಿ ಬಂದರು ವಿಹಾರದ ಅಗತ್ಯವಿಲ್ಲ. ಮೇಲಿನ ಅಟ್ಟದ ಎಡಗಡೆ ಕೂತರೆ ಹೋಗುವಾಗ ಕಂಟೇನರ್ ಹಡಗುಗಳು, ಕ್ರೇನುಗಳು ಹತ್ತಿರದಿಂದ ಕಾಣುತ್ತವೆ. ಆಯಿ ಬಹಳ ಹೊತ್ತು ನೋಡಿ, ಇದರಲ್ಲಿ ಮೆಣಸಿನದು ಯಾವುದು ಎಂದು ಕೇಳಿದಳು. ಎಲ್ಲ ಪೆಟ್ಟಿಗೆಗಳೂ ಒಂದೇ ಥರ ಇದ್ದವು. ಅವಳು ಸೆರಗಿನ ಗಂಟು ಬಿಚ್ಚಿ, ಪೊಟ್ಟಣ ಅಲ್ಲೇ ಇದೆಯಾ ಎಂದು ನೋಡಿ, ಮತ್ತೆ ಕಟ್ಟಿಕೊಂಡಳು.