ಮೆಟ್ಟಿಲ ಕೆಳಗಿನ ಹನ್ನೆರಡು ಗೂಡು

ಅಕ್ಕ-ಭಾವನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ದಿನ ತೆಗೆಯಬೇಕೆಂದು ಆರು ವರ್ಷದಿಂದ ಎತ್ತಿಟ್ಟಿದ್ದ ವೈನಿನ ಬಾಟಲಿ ಅದು. 2023ರ ಮೇ ತಿಂಗಳ ಒಂದು ಭಾನುವಾರ. ಬೆಳಿಗ್ಗೆಯಿಂದ ಸೆಕೆ. ಮುಳ್ಳಯ್ಯನಗಿರಿ ಕಡೆ ಮೋಡ ಕಟ್ಟಿತ್ತು, ಮಳೆ ಮಾತ್ರ ಇಳಿದಿರಲಿಲ್ಲ. ಆಲ್ದೂರಿನಿಂದ ಅಕ್ಕ-ಭಾವ ಮಧ್ಯಾಹ್ನದ ಊಟಕ್ಕೇ ಬಂದಿದ್ದರು. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ನಾನು ಸ್ಟೂಲ್ ಹತ್ತಿ ಅಡಿಗೆಮನೆಯ ಸಜ್ಜಾದಿಂದ ಬಾಟಲಿ ಇಳಿಸಿ ಧೂಳು ಒರೆಸಿದೆ.

ಬೆಳಕಿಗೆ ಹಿಡಿದಾಗಲೇ ಮನಸ್ಸು ಅಳುಕಿತು. ಕುತ್ತಿಗೆಯವರೆಗೆ ಇರಬೇಕಿದ್ದ ವೈನು ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಸ್ಕ್ರೂ ತಿರುಗಿಸಿ ಎಳೆದರೆ ಕಾರ್ಕು ಅರ್ಧಕ್ಕೇ ಮುರಿಯಿತು. ಉಳಿದರ್ಧ ಒಣ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ಒಳಗೆ ಬಿತ್ತು. ಕೈಯಲ್ಲಿ ಉಳಿದ ತುಂಡನ್ನು ಹಿಂಡಿ ನೋಡಿದೆ. ಮೆತ್ತಗಿರಬೇಕಾದದ್ದು ಒಣಗಿ ಗಟ್ಟಿಯಾಗಿತ್ತು. ಟೀ ಸೋಸುವ ಜಾಲರಿಯಲ್ಲಿ ಸೋಸಿ ನಾಲ್ಕು ಲೋಟಕ್ಕೆ ಬಗ್ಗಿಸಿದೆ. ನೇರಳೆ ಬಣ್ಣ ಹೋಗಿ ಹಳೇ ಇಟ್ಟಿಗೆಯ ಬಣ್ಣ ಬಂದಿತ್ತು. ಮೂಗಿನ ಹತ್ತಿರ ತಂದರೆ ಒಣದ್ರಾಕ್ಷಿಯನ್ನು ಬೇಯಿಸಿ ಬೇಯಿಸಿ ತಳ ಹಿಡಿಸಿದ ವಾಸನೆ, ಅದರ ಹಿಂದೆಯೇ ಹುಳಿ.

ಅಕ್ಕ ಒಂದು ಗುಟುಕು ಕುಡಿದು ಲೋಟವನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಭಾವ ಮಾತ್ರ ಕಾಫಿ ರುಚಿ ನೋಡುವಾಗಿನ ಹಾಗೆಯೇ ಸುರ್ರೆಂದು ಎಳೆದು, ಬಾಯೊಳಗೆ ಆಡಿಸಿ, ಎದ್ದು ಹೋಗಿ ಸಿಂಕಿನಲ್ಲಿ ಉಗುಳಿ ಬಂದರು. ಮೂವತ್ತು ವರ್ಷದಿಂದ ತೋಟ ಮಾಡುತ್ತಿರುವವರು. ತಮ್ಮ ಅರೇಬಿಕಾ ಕಾಫಿಯ ರುಚಿಯನ್ನು ತಾವೇ ನೋಡಿ ಒಪ್ಪಿಕೊಳ್ಳದೆ, ಬೀಜದ ಹೊಟ್ಟು ಬಿಡಿಸುವ ಕ್ಯೂರಿಂಗ್‌ಗೆ ಕಳಿಸಿದವರಲ್ಲ. ಎಲ್ಲಿ ಕೊಂಡೆ ಅಂತಲೋ, ಎಷ್ಟು ಕೊಟ್ಟೆ ಅಂತಲೋ ಕೇಳುತ್ತಾರೆ ಅಂದುಕೊಂಡಿದ್ದೆ.

"ಎಲ್ಲಿ ಇಟ್ಟಿದ್ದೆ ಮಾರಾಯ?" ಅಂದರು.

ಸಜ್ಜಾ ತೋರಿಸಿದೆ. ಭಾವ ಅದೇ ಸ್ಟೂಲ್ ಹತ್ತಿ ಮೇಲಿನ ಸ್ಲ್ಯಾಬಿಗೆ ಅಂಗೈ ಒತ್ತಿ ಹಿಡಿದರು. ಪಶ್ಚಿಮದ ಬಿಸಿಲು ಬೀಳುವ ಮೂಲೆ ಅದು. ಕೆಳಗೆ ಗ್ಯಾಸ್ ಒಲೆ ಉರಿಯುತ್ತಿತ್ತು. "ಕೈ ಇಡೋಕಾಗಲ್ಲ ಇಲ್ಲಿ. ಪಾರ್ಚ್‌ಮೆಂಟ್ ಕಾಫಿಬೀಜ ಆದ್ರೂ ಇಲ್ಲಿಡ್ತೀವಾ?" ಎಂದು ಇಳಿದರು. ಬೈದು ಹೇಳಿದ್ದಲ್ಲ. ಆದರೂ ಆ ಮಾತು ಇಡೀ ದಿನ ನನ್ನೊಳಗೆ ಕೂತಿತ್ತು.

ನನ್ನದು ಪಂಪ್‌ಸೆಟ್ ಕೆಲಸ. 2017ರ ಫೆಬ್ರವರಿಯಲ್ಲಿ ನಂದಿ ಬೆಟ್ಟದ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ ಮೋಟರ್ ಕೂರಿಸಲು ಹೋಗಿದ್ದೆ. ಆ ಸೀಮೆಯಲ್ಲಿ 1988ರಲ್ಲೇ ಗ್ರೋವರ್ ಕುಟುಂಬ ಫ್ರಾನ್ಸಿನ ತಳಿಗಳ ಬಳ್ಳಿ ನೆಟ್ಟು ವೈನಿಗೆ ಅಡಿಪಾಯ ಹಾಕಿತ್ತು. ನಾನು ಹೋದದ್ದು ಕೊಯ್ಲಿನ ಹೊತ್ತಿಗೆ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಯುವುದು ಸೆಪ್ಟೆಂಬರ್ ಹೊತ್ತಿಗೆ, ನಮ್ಮಲ್ಲಿ ಬೇಸಿಗೆ ಬಲಿಯುವ ಮುಂಚೆ ಜನವರಿಯಿಂದ ಮಾರ್ಚ್ ಒಳಗೆ. ಕೆಲಸ ಮುಗಿದ ಸಂಜೆ ಅಲ್ಲಿಯವರು ಶಿರಾಜ್ ಎಂಬ ಕೆಂಪು ವೈನನ್ನು ಒಂದು ಲೋಟ ಕೊಟ್ಟರು. ಬಾಯಿಗಿಟ್ಟರೆ ಕಾಳುಮೆಣಸು! ನಮ್ಮ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕಿತ್ತು ಉಜ್ಜಿದ ಹಸಿ ಕಾಳುಮೆಣಸಿನದೇ ಘಮ. ಮೆಣಸು ಬೆಳೆಯುವ ಊರಿನವನಿಗೆ ಅಷ್ಟು ಸಾಕಾಯಿತು. ಹೊರಡುವಾಗ 2015ರ ಕೊಯ್ಲಿನ ಒಂದು ಒಳ್ಳೆಯ ಬಾಟಲಿ ಕೊಂಡೆ. ಅಕ್ಕನ ಇಪ್ಪತ್ತೈದಕ್ಕೆ ಇರಲಿ ಅಂತ ಆವತ್ತೇ ನಿಶ್ಚಯ ಮಾಡಿದ್ದೆ.

ಆಮೇಲೆ ಬೆಂಗಳೂರಿಗೆ ಹೋದಾಗೆಲ್ಲ ಒಂದು, ಎರಡು. ಹೀಗೆ ಹನ್ನೊಂದಾದವು. ಎಲ್ಲವೂ ಸಜ್ಜಾದಲ್ಲಿ, ಉಪ್ಪಿನಕಾಯಿ ಭರಣಿಗಳ ಪಕ್ಕ ಸಾಲಾಗಿ ನೆಟ್ಟಗೆ ನಿಂತಿದ್ದವು. ವೈನು ಹಳೆಯದಾದಷ್ಟೂ ಚೆನ್ನ ಅನ್ನುವ ಮಾತನ್ನು ಎಲ್ಲೋ ಕೇಳಿ ಹಾಗೇ ನಂಬಿದ್ದೆ. ಅದು ಎಲ್ಲ ವೈನಿಗೂ ಸಲ್ಲುವ ಮಾತಲ್ಲ. ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಎರಡು-ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿದವು. ಒಗರು, ಹುಳಿ ಎರಡೂ ಗಟ್ಟಿಯಾಗಿರುವ ಕೆಲವು ಕೆಂಪು ವೈನುಗಳಿಗೆ, ತುಂಬಾ ಸಿಹಿಯಿರುವ ಕೆಲವಕ್ಕೆ ಮಾತ್ರ ಕಾಯುವ ತಾಕತ್ತಿರುತ್ತದೆ.

ಆ ರಾತ್ರಿ ಮುರಿದ ಕಾರ್ಕನ್ನು ಅಂಗಡಿಗೆ ಒಯ್ದು ದೀಪದ ಕೆಳಗಿಟ್ಟು ನೋಡಿದೆ. ಬೋರ್‌ವೆಲ್‌ನ ಹಳೇ ಕೈಪಂಪಿನಲ್ಲಿ ಚರ್ಮದ ವಾಷರ್ ಇರುತ್ತದಲ್ಲ, ಅದು ಸದಾ ಒದ್ದೆಯಾಗಿರಬೇಕು. ನಾಲ್ಕು ತಿಂಗಳು ಪಂಪು ನಿಂತರೆ ಚರ್ಮ ಒಣಗಿ, ಕುಗ್ಗಿ, ಸಿಲಿಂಡರಿನ ಗೋಡೆ ಬಿಡುತ್ತದೆ. ಆಗ ಎಷ್ಟು ಒತ್ತಿದರೂ ಬರುವುದು ಬರೀ ಗಾಳಿ. ಕಾರ್ಕಿನದೂ ಅದೇ ಕಥೆ. ಅದೂ ಮರದ ತೊಗಟೆಯೇ. ಪೋರ್ಚುಗಲ್ ಕಡೆ ಬೆಳೆಯುವ ಒಂದು ಓಕ್ ಮರದಿಂದ ಒಂಬತ್ತು ವರ್ಷಕ್ಕೊಮ್ಮೆ ಸುಲಿಯುತ್ತಾರೆ. ಬಾಟಲಿ ಮಲಗಿದ್ದರೆ ವೈನು ತಾಗಿ ಕಾರ್ಕು ನೆನೆದು ಉಬ್ಬಿ ಬಿಗಿಯಾಗಿರುತ್ತದೆ. ವರ್ಷಗಟ್ಟಲೆ ನಿಲ್ಲಿಸಿಟ್ಟರೆ ಒಣಗುತ್ತದೆ. ಅದರ ಮೇಲೆ ಸೆಕೆ: ಹಗಲು ವೈನು ಹಿಗ್ಗಿ ಒಳಗಿನ ಗಾಳಿಯನ್ನು ಹೊರಗೆ ನೂಕುತ್ತದೆ, ರಾತ್ರಿ ತಣ್ಣಗಾಗಿ ಹೊರಗಿನದನ್ನು ಒಳಗೆ ಎಳೆಯುತ್ತದೆ. ಆರು ವರ್ಷ, ದಿನಕ್ಕೊಂದು ಉಸಿರು. ವಾಷರ್ ಬದಲಿಸುವುದರಲ್ಲೇ ಅರ್ಧ ಆಯುಷ್ಯ ಕಳೆದವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಬಹಳ ನೋವಾಯಿತು. ದುಡ್ಡಿಗಲ್ಲ. ಅಕ್ಕನಿಗೆಂದು ಇಟ್ಟದ್ದು, ಇಟ್ಟು ಮರೆತದ್ದಾಗಿತ್ತು.

ಮಾರನೇ ದಿನ ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ತಂದೆ. ನಾನೂರು ರೂಪಾಯಿ. ವೈನಿಗೆಂದು ನಾನು ಖರ್ಚು ಮಾಡಿದ್ದರಲ್ಲಿ ಅಷ್ಟು ಸಾರ್ಥಕವಾದದ್ದು ಬೇರೆ ಇಲ್ಲ. ಶುರು ಮಾಡುವವರು ಎರಡನೇ ಬಾಟಲಿಗಿಂತ ಮೊದಲು ಇದನ್ನೇ ಕೊಳ್ಳಲಿ. ಒಂದೊಂದು ಜಾಗದಲ್ಲಿ ಎರಡೆರಡು ದಿನ ಇಟ್ಟು, ಬೆಳಗಿನ ಜಾವ ಐದಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಬರೆದುಕೊಂಡೆ. ಸಜ್ಜಾದಲ್ಲಿ ಬೆಳಿಗ್ಗೆ 25 ಡಿಗ್ರಿ, ಸಂಜೆ 36. ಮಲಗುವ ಕೋಣೆಯ ಮಂಚದ ಕೆಳಗೆ 25, 29. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಮಾತ್ರ ಬೆಳಿಗ್ಗೆ 25, ಸಂಜೆ 26. ಕಿಟಕಿಯಿಲ್ಲ, ಉತ್ತರದ ಗೋಡೆ, ಬಿಸಿಲು ತಾಗುವುದೇ ಇಲ್ಲ.

ವೈನಿಗೆ ನಿಜವಾಗಿ ಹಿತವಾದದ್ದು 12-13 ಡಿಗ್ರಿ. ಚಿಕ್ಕಮಗಳೂರು ಎಷ್ಟೇ ತಂಪಿನ ಊರೆಂದರೂ ಮೇ ತಿಂಗಳಲ್ಲಿ ಯಂತ್ರವಿಲ್ಲದೆ ಅಷ್ಟು ತಂಪು ಹುಟ್ಟುವುದಿಲ್ಲ. ವೈನಿಗೆಂದೇ ಮಾಡಿದ ಫ್ರಿಜ್ಜು ಕೊಳ್ಳುವ ಯೋಚನೆಯೂ ಬಂತು. ಮಳೆಗಾಲದಲ್ಲಿ ನಮ್ಮ ಕರೆಂಟು ನೆನೆಸಿಕೊಂಡು ಬಿಟ್ಟೆ. ಮಾಮೂಲಿ ಫ್ರಿಜ್ಜಿನ 4 ಡಿಗ್ರಿ ತೀರಾ ತಣ್ಣಗೆ, ಗಾಳಿಯೂ ಒಣ. ಕೆಲವು ವಾರಕ್ಕಾದರೆ ಸರಿ, ವರ್ಷಗಟ್ಟಲೆಗೆ ಆಗದು. 26 ಡಿಗ್ರಿ ಆದರ್ಶವಲ್ಲ, ಒಪ್ಪುತ್ತೇನೆ. ಆದರೆ ದಿನಕ್ಕೆ ಹನ್ನೊಂದು ಡಿಗ್ರಿ ಏರಿಳಿಯುವುದಕ್ಕಿಂತ, ಕಾಲ ಬದಲಾದಂತೆ ಮೆಲ್ಲಗೆ ಮೂರು-ನಾಲ್ಕು ಡಿಗ್ರಿ ಸರಿಯುವುದು ಎಷ್ಟೋ ಮೇಲು. ಸೆಕೆಯಲ್ಲಿ ವೈನು ಬೇಗ ಮಾಗುತ್ತದೆ, ಹಾಗಾಗಿ ಯಾವುದನ್ನೂ ಮೂರು-ನಾಲ್ಕು ವರ್ಷದ ಮೇಲೆ ಇಡಬಾರದು ಎಂದು ಲೆಕ್ಕ ಹಾಕಿಕೊಂಡೆ.

ಮೆಟ್ಟಿಲ ಕೆಳಗೆ ಯುಪಿಎಸ್ ಬ್ಯಾಟರಿ ಇತ್ತು. ಅದು ಬಿಸಿ ಕಾರುತ್ತದೆ, ವರಾಂಡಕ್ಕೆ ಸಾಗಿಸಿದೆ. ಅರ್ಧ ಡಬ್ಬ ಪೇಂಟು, ಸೀಮೆಎಣ್ಣೆ ಕ್ಯಾನು ಕೂಡ ಹೊರಗೆ. ಭಾವನ ಗೋದಾಮಿನಲ್ಲಿ ಕಾಫಿ ಮೂಟೆಯ ಹತ್ತಿರ ಗೊಬ್ಬರ ಸುಳಿಯಲು ಬಿಡುವುದಿಲ್ಲ, ಬೀಜ ವಾಸನೆ ಹೀರುತ್ತದೆ ಅಂತ. ಇಲ್ಲೂ ಅದೇ ಕಟ್ಟುನಿಟ್ಟು.

ಇನ್ನು ಅಮ್ಮ. ಆ ಕೋಣೆಯ ಒಂದು ಗೋಡೆಯ ಆಚೆಗೇ ದೇವರ ಮನೆ. ಅಮ್ಮ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಕಾಫಿ ಕೊಡುತ್ತಾ, "ನಿನ್ನ ಖುಷಿ, ನಾನು ಬೇಡ ಅನ್ನಲ್ಲ. ಆ ಗೋಡೆಗೆ ಮಾತ್ರ ತಾಗಿಸ್ಬೇಡ ಕಣೋ," ಎಂದರು. ತಾಗಿಸಲಿಲ್ಲ. ಬಾಟಲಿ ಇಡುವ ಸ್ಟ್ಯಾಂಡು ಎದುರಿನ ಉತ್ತರದ ಗೋಡೆಗೆ ಬಂತು. ಆಮೇಲೆ ಮೀಟರ್ ಇಟ್ಟು ನೋಡಿದರೆ ಕೋಣೆಯಲ್ಲೆಲ್ಲ ತಣ್ಣಗಿನ ಮಗ್ಗುಲು ಅದೇ ಆಗಿತ್ತು.

ಸ್ಟ್ಯಾಂಡನ್ನು ಹಲಸಿನ ಹಲಗೆಯಲ್ಲಿ ನಮ್ಮ ಆಚಾರ್ರು ಮಾಡಿಕೊಟ್ಟರು. ಹಲಸಾದರೆ ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಹನ್ನೆರಡು ಗೂಡು. ಒಂದೊಂದು ಬಾಟಲಿ 750 ಮಿಲಿಯಂತೆ ಒಟ್ಟು 9 ಲೀಟರ್. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೆ ಅಬಕಾರಿ ನಿಯಮದಲ್ಲಿ ಮಿತಿಯಿದೆ. ಕೂಡಿಡುವ ಆಸೆಯಿರುವವರು ಮೊದಲು ಅದನ್ನು ವಿಚಾರಿಸಿಕೊಳ್ಳಬೇಕು. ಅಳತೆಗೆ ಆಚಾರ್ರ ಕೈಗೆ ನಾನು ಕೊಟ್ಟದ್ದು ಒಂದೇ ಬಾಟಲಿ, ನೆಟ್ಟನೆ ಹೆಗಲಿನದು. ಇಳಿಹೆಗಲಿನ ದಪ್ಪ ಬಾಟಲಿಯೂ ಇರುತ್ತದೆ, ನೊರೆ ಬರುವ ವೈನಿನದು ಅದಕ್ಕಿಂತ ದಪ್ಪ ಎಂಬುದು ನೆನಪಿಗೇ ಬರಲಿಲ್ಲ. ಕೆಳಸಾಲಿನ ಮೂರು ಗೂಡುಗಳನ್ನು ಅವರು ಮತ್ತೆ ಬಿಚ್ಚಿ ಅಗಲ ಮಾಡಬೇಕಾಯಿತು.

ಉಳಿದ ಹತ್ತು ಬಾಟಲಿಗಳನ್ನು ಊಟದ ಮೇಜಿನ ಮೇಲೆ ಜೋಡಿಸಿ ನಾನೂ ನನ್ನ ಹೆಂಡತಿಯೂ ಒಂದು ರಾತ್ರಿ ಕೂತೆವು. ನಾನು ಟಾರ್ಚ್ ಹಿಡಿದು ಮಟ್ಟ, ಬಣ್ಣ ನೋಡಿ ಹೇಳುವುದು, ಅವಳು ಬರೆಯುವುದು. ಬಿಳಿ ವೈನು ನಾಲ್ಕಿದ್ದವು. ಅದರಲ್ಲಿ ಎರಡು ಎಳೆಹುಲ್ಲಿನ ಬಣ್ಣ ಹೋಗಿ ಜೇನಿನ ಬಣ್ಣಕ್ಕೆ ತಿರುಗಿದ್ದವು, ಆಸೆ ಬಿಡಬೇಕಾಯಿತು. ಇನ್ನೆರಡಕ್ಕೆ ತಿರುಪು ಮುಚ್ಚಳವಿತ್ತು, ಕಳೆದ ವರ್ಷದ ಕೊಯ್ಲು, ಬಚಾವಾಗಿದ್ದವು. ತಿರುಪು ಮುಚ್ಚಳ ಅಗ್ಗದ ವೈನಿನ ಗುರುತು ಅಂತ ಮೂಗು ಮುರಿಯುವವರಿದ್ದಾರೆ. ನಮ್ಮ ಹವೆಗೆ ಅದೇ ಒಳ್ಳೆಯದು ಅನ್ನುತ್ತೇನೆ: ಒಣಗುವುದಿಲ್ಲ, ನಿಲ್ಲಿಸಿಟ್ಟರೂ ನಡೆಯುತ್ತದೆ. ಬಣ್ಣವಿಲ್ಲದ ಗಾಜಿನಲ್ಲಿ ರೋಸೆ ಎಂಬ ಗುಲಾಬಿ ಬಣ್ಣದ ವೈನು ಒಂದಿತ್ತು, ಬೆಳಕು ಅದಕ್ಕೆ ಬೇಗ ಹತ್ತುತ್ತದೆ, ಆ ವಾರವೇ ಕುಡಿದು ಮುಗಿಸಿದೆವು. ಕೆಂಪಿನಲ್ಲಿ ಎರಡು ಹಳೆಯವನ್ನು ಬೇಗ ತೆಗೆಯುವ ಪಟ್ಟಿಗೆ ಹಾಕಿದೆವು. ಇನ್ನೂ ಕೆಲವು ವರ್ಷ ಇಡಲು ಯೋಗ್ಯವೆಂದು ಉಳಿದದ್ದು ಮೂರೇ ಮೂರು ಕೆಂಪು, ಅದರಲ್ಲಿ ಎರಡು ಒಂದೇ ಶಿರಾಜ್, 2021ರ ಕೊಯ್ಲಿನದು. ಸಜ್ಜಾ ಸೇರಿ ಅವಕ್ಕೆ ಒಂದು ತಿಂಗಳೂ ಆಗಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಮೀಟರಿನಲ್ಲಿ ತೇವ 60ರಿಂದ 70 ಇದ್ದರೆ ಕಾರ್ಕಿಗೆ ಒಳ್ಳೆಯದು. ಜುಲೈ ಹೊತ್ತಿಗೆ ಅದು 90 ದಾಟಿ ಕೂತಿತು. ಒಂದು ಬೆಳಿಗ್ಗೆ ನೋಡಿದರೆ ಲೇಬಲ್ಲುಗಳ ಮೇಲೆ ಬೂದಿ ಎರಚಿದ ಹಾಗೆ ಬೂಷ್ಟು, ಶಿರಾಜಿನ ಇಸವಿಯ ಕೊನೆಯ ಅಂಕೆಯೇ ಮುಚ್ಚಿಹೋಗಿತ್ತು. ಒಳಗಿನ ವೈನಿಗೆ ಅದರಿಂದ ತೊಂದರೆಯಿಲ್ಲ, ಆದರೆ ಲೇಬಲ್ಲು ಹೋದರೆ ಯಾವುದು ಯಾವ ವರ್ಷದ್ದೆಂದು ಹೇಳುವವರಾರು? ಒಣ ಬಟ್ಟೆಯಲ್ಲಿ ಒರೆಸಿ, ಅಡಿಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಲೇಬಲ್ಲಿನ ಸುತ್ತ ಬಿಗಿಯಾಗಿ ಸುತ್ತಿದೆ. ಕುತ್ತಿಗೆಗೊಂದು ರಟ್ಟಿನ ಚೀಟಿ: ಹೆಸರು, ಕೊಯ್ಲಿನ ವರ್ಷ, ತಂದ ದಿನ, ಯಾವಾಗಿನೊಳಗೆ ತೆಗೆಯಬೇಕು. ಪೆನ್ಸಿಲಿನಲ್ಲೇ ಬರೆದೆ, ತೇವಕ್ಕೆ ಶಾಯಿ ಹರಡುತ್ತದೆ. ಮೂಲೆಯಲ್ಲಿ ಒಂದು ಬುಟ್ಟಿ ಇದ್ದಿಲು ಇಟ್ಟು, ಹದಿನೈದು ದಿನಕ್ಕೊಮ್ಮೆ ಒಲೆಯ ಹತ್ತಿರ ಒಣಗಿಸಿ ತಂದಿಡುತ್ತಿದ್ದೆ. ತೇವ ಸ್ವಲ್ಪ ಇಳಿಯಿತು, ಬೂಷ್ಟು ಮತ್ತೆ ಅಷ್ಟು ಹಬ್ಬಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಖಾಲಿ ಗೂಡುಗಳನ್ನು ತುಂಬುವ ಅವಸರ ಮಾಡಲಿಲ್ಲ. ಒಂದು ತೆಗೆದರೆ ಒಂದು ತರುವುದು, ಬೇಸಿಗೆಯಲ್ಲಿ ಬೆಂಗಳೂರಿನಿಂದ ತರುವಾಗ ಕಾರಿನ ಡಿಕ್ಕಿಯಲ್ಲಿ ಬೇಯಲು ಬಿಡದೆ ಒಳಗೆ ಸೀಟಿನ ಕೆಳಗೆ ಒದ್ದೆ ಗೋಣಿ ಸುತ್ತಿ ತರುವುದು, ಸಾಧ್ಯವಿದ್ದಾಗ ಒಂದೇ ವೈನಿನ ಎರಡು ಬಾಟಲಿ ಕೊಳ್ಳುವುದು. ಒಂದನ್ನು ತೆಗೆದರೆ ಇನ್ನೊಂದು ಎಷ್ಟು ಕಾಯಬಲ್ಲದು ಎಂಬುದು ತಿಳಿಯುತ್ತದೆ.

2024ರ ಆಗಸ್ಟ್. ಮಳೆ ಬಿಡದೆ ಸುರಿಯುತ್ತಿತ್ತು. ಅಮ್ಮ ಕಡುಬು, ಕೋಳಿಸಾರು ಮಾಡಿ ಅಕ್ಕ-ಭಾವನನ್ನು ಕರೆಸಿದ್ದರು. ಮೀಟರಿನಲ್ಲಿ 22 ಡಿಗ್ರಿ. ನಾಲ್ಕನೇ ಗೂಡಿನ ಶಿರಾಜ್ ಎಳೆದು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೆ. ಸ್ಕ್ರೂ ಎಳೆದಾಗ ಕಾರ್ಕು ಇಡಿಯಾಗಿ ಬಂತು. ತುದಿ ಒದ್ದೆ, ಕಡುನೇರಳೆ. ಹಿಂಡಿದರೆ ಕುಗ್ಗಿ ಮತ್ತೆ ಉಬ್ಬಿತು. ಅದನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಮೂಸಿ ನೋಡಿ, ಏನೂ ಹೇಳದೆ ಸೆರಗಿನ ತುದಿಯಲ್ಲಿ ಒರೆಸಿ ತನ್ನ ಪರ್ಸಿಗೆ ಹಾಕಿಕೊಂಡಳು.

ಭಾವ ಸುರ್ರೆಂದು ಎಳೆದರು. ಈ ಸಲ ಉಗುಳಲಿಲ್ಲ. ಸ್ವಲ್ಪ ಹೊತ್ತು ಮಳೆ ನೋಡುತ್ತಾ ಕೂತು, ಇನ್ನೊಂದು ಗುಟುಕು ಕುಡಿದು, "ಮೆಣಸು ಚೆನ್ನಾಗಿದೆ. ಒಗರು ಇನ್ನೂ ಒಂಚೂರು ಇಳೀಬೇಕು. ಇನ್ನೊಂದು ವರ್ಷ ಬಿಡಬಹುದಿತ್ತು," ಎಂದರು.

ಇದರ ಜೋಡಿ ಇನ್ನೊಂದಿದೆ ಭಾವ, ಐದನೇ ಗೂಡಿನಲ್ಲಿ, ಅಂದೆ. ಊಟ ಮುಗಿದ ಮೇಲೆ ಹೋಗಿ ಅದರ ಚೀಟಿಯಲ್ಲಿದ್ದ, ತೆಗೆಯಬೇಕಾದ ಇಸವಿಯನ್ನು ಅಳಿಸಿ, ಪೆನ್ಸಿಲಿನಲ್ಲಿ 2025 ಎಂದು ತಿದ್ದಿದೆ.